ಆಸ್ಪತ್ರೆಯಲ್ಲಿ ಹತ್ತಿದ ಎದೆ ಸೋಂಕು



ಈ ಪಾಠ ಸ್ವಲ್ಪ ಉದ್ದ ಇದೆ. ಒಂದೇ ಸಂಜೆ ಓದಿ ಮುಗಿಸಬೇಕು ಅಂತೇನಿಲ್ಲ. ಮೂರು ನಾಲ್ಕು ದಿನ ತಗೊಳ್ಳಿ. ಗೊತ್ತಾಗದ ಪದ ಬಂದರೆ ಅಲ್ಲೇ ಬೆರಳಿಟ್ಟು ನಿಲ್ಲಿ. ಪಕ್ಕದಲ್ಲಿ ಕೂತವರನ್ನು ಕೇಳಿ. ಆಮೇಲೆ ಮುಂದೆ ಓದಿ.

ಇದು ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮನೆಯಲ್ಲಿ ನಡೆದದ್ದು. ಅವರು ಹೂವು ಕಟ್ಟಿ ಮಾರುತ್ತಾರೆ. "ನನ್ನ ಕತೆ ಬರೀರಿ, ಹೆಸರು ಮಾತ್ರ ಹಾಕಬೇಡಿ" ಅಂದರು. ಅದಕ್ಕೆ ನಾವು ಅವರನ್ನು ಹೂವಿನಕ್ಕ ಅಂತ ಕರೆಯುತ್ತೇವೆ. ನಾವು ಡಾಕ್ಟರಲ್ಲ. ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರು. ಕಾಯಿಲೆಯ ವಿಷಯವನ್ನು ತಿಳಿದವರನ್ನು ಕೇಳಿ, ಓದಿ ಬರೆದಿದ್ದೇವೆ.

ಆ ರಾತ್ರಿ

ಹೂವಿನಕ್ಕನ ಯಜಮಾನರು ಲಾರಿಗೆ ಮೂಟೆ ಹೊರುವ ಕೆಲಸದವರು. ದಿನವೆಲ್ಲ ಮೂಟೆ, ಸಂಜೆ ಕುಡಿತ. ಮೊದಲು ಪ್ಯಾಕೆಟ್ ಸಾರಾಯಿ ಕುಡಿಯುತ್ತಿದ್ದರು. 2007ರ ಜುಲೈನಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಆಮೇಲೆ ಅಂಗಡಿಯ ಬ್ರಾಂದಿ ಶುರುವಾಯಿತು. ದುಡ್ಡು ಇನ್ನೂ ಜಾಸ್ತಿ ಹೋಯಿತು.

ವರ್ಷಗಳು ಕಳೆದವು. ಒಂದು ಸಲ ಅವರ ಕಾಲು ಊದಿತು. ಆಮೇಲೆ ಹೊಟ್ಟೆ ಉಬ್ಬಿತು. ತಿಂದದ್ದು ಅರಗಿಲ್ಲ ಅಂದುಕೊಂಡರು. ಕಣ್ಣು ಹಳದಿ ಆಯಿತು. ಕಾಮಾಲೆ ಅಂತ ನಾಟಿ ಔಷಧಿ ಕುಡಿಸಿದರು. ಹದಿನೈದು ದಿನ ಬರೀ ಗಂಜಿ, ಮಜ್ಜಿಗೆ. ಮೂಟೆ ಹೊರುವ ತೋಳು ಕಡ್ಡಿಯಂತೆ ಆಯಿತು.

ಒಂದು ರಾತ್ರಿ ರಕ್ತ ವಾಂತಿ ಆಯಿತು. ಒಂದು ಬೋಗುಣಿ ತುಂಬ ಕೆಂಪು. ಮನೆಯವರೆಲ್ಲ ಕಿರುಚಿಕೊಂಡರು. ಪಕ್ಕದ ಮನೆ ಹುಡುಗ 108ಕ್ಕೆ ಫೋನ್ ಮಾಡಿದ. ಆಂಬುಲೆನ್ಸ್ ಬಂತು. ಪೇಟೆಯ ದೊಡ್ಡ ಆಸ್ಪತ್ರೆಗೆ ಸೇರಿಸಿದರು.

ಅಲ್ಲಿ ರಕ್ತ ಕೊಟ್ಟರು. ಬಾಯಿಯಿಂದ ಒಂದು ಸಣ್ಣ ಕೊಳವೆ ಬಿಟ್ಟು ನೋಡಿದರು. ಅನ್ನನಾಳದ ಒಳಗೆ ರಕ್ತದ ನರ ಉಬ್ಬಿ ಒಡೆದಿತ್ತು. ಅದಕ್ಕೆ ರಬ್ಬರಿನ ಉಂಗುರ ಹಾಕಿ ಬಿಗಿದರು. ರಕ್ತ ನಿಂತಿತು. "ಇವರ ಲಿವರ್ ಗಟ್ಟಿಯಾಗಿದೆ. ಇದಕ್ಕೆ ಸಿರೋಸಿಸ್ ಅಂತಾರೆ" ಎಂದರು ಡಾಕ್ಟರು.

ರಕ್ತ ನಿಂತಿತಲ್ಲ, ಎಲ್ಲರಿಗೂ ಸಮಾಧಾನ ಆಯಿತು. ಆದರೆ ಯಜಮಾನರಿಗೆ ಮಂಪರು ಇತ್ತು. ಕರೆದರೆ ಕಣ್ಣು ಬಿಡುತ್ತಿದ್ದರು, ಮತ್ತೆ ಮುಚ್ಚುತ್ತಿದ್ದರು. ಏನೇನೋ ಮಾತಾಡುತ್ತಿದ್ದರು.

ಮಾರನೇ ದಿನ ನಾದಿನಿ ಬಂದಳು. ಸ್ಟೀಲ್ ಡಬ್ಬಿಯಲ್ಲಿ ರಾಗಿ ಗಂಜಿ ತಂದಿದ್ದಳು. "ಅಣ್ಣನ ಹೊಟ್ಟೆಗೆ ಎರಡು ದಿನದಿಂದ ಏನೂ ಬಿದ್ದಿಲ್ಲ. ಒಂದೆರಡು ಚಮಚ ಕುಡಿಸು ಅತ್ತಿಗೆ" ಅಂದಳು. ಹೂವಿನಕ್ಕನಿಗೂ ಹಾಗೇ ಅನ್ನಿಸಿತು. ಮಲಗಿದ್ದ ಹಾಗೇ ತಲೆ ಸ್ವಲ್ಪ ಎತ್ತಿ ಚಮಚದಲ್ಲಿ ಕುಡಿಸಿದರು. ಮೂರನೇ ಚಮಚಕ್ಕೆ ನೆತ್ತಿಗೆ ಹತ್ತಿತು. ಕೆಮ್ಮು ಬಂತು. ಜೋರಾದ ಕೆಮ್ಮೂ ಅಲ್ಲ, ಗೊರಗೊರ ಅಂತ. ನಾದಿನಿ ನೆತ್ತಿ ತಟ್ಟಿದಳು. "ಯಾರೋ ನೆನೆಸ್ಕೊಂಡ್ರು" ಅಂದಳು. ಇಬ್ಬರೂ ಆ ಮಾತನ್ನು ಅಲ್ಲಿಗೆ ಮರೆತರು.

ಎರಡು ದಿನ ಕಳೆಯಿತು. ಯಜಮಾನರ ಉಸಿರು ಮೇಲೆ ಮೇಲೆ ಬರತೊಡಗಿತು. ಮೈ ಬಿಸಿ ಇರಲಿಲ್ಲ. ಜ್ವರ ಇಲ್ಲ ಅಂತ ಯಾರಿಗೂ ಹೇಳಲಿಲ್ಲ. ಮೂತ್ರ ಕಮ್ಮಿ ಆಯಿತು. ಮಂಪರು ಹೆಚ್ಚಾಯಿತು. ಸಂಜೆ ಎಕ್ಸ್‌ರೇ ತೆಗೆದರು. ಬಲಗಡೆ ಶ್ವಾಸಕೋಶದಲ್ಲಿ ಬಿಳಿ ಮೋಡದ ಹಾಗೆ ಕಂಡಿತು. ನ್ಯುಮೋನಿಯಾ. ಐಸಿಯುಗೆ ಹಾಕಿದರು. ಮೂಗಿಗೆ ಆಕ್ಸಿಜನ್ ಕೊಟ್ಟರು. ಒಂಬತ್ತು ದಿನ ಅಲ್ಲೇ ಇದ್ದರು. ಅದೇ ಕಾಯಿಲೆ ಇದ್ದ ಪಕ್ಕದ ಮಂಚದವರು ಉಳಿಯಲಿಲ್ಲ. ಇವರು ಉಳಿದರು.

"ಹೊಟ್ಟೆ ಕಾಯಿಲೆಗೆ ಅಂತ ಬಂದೋರಿಗೆ ಎದೆ ಕಾಯಿಲೆ ಹೆಂಗೆ ಬಂತು? ಆಸ್ಪತ್ರೇಲೇ ಬಂತಾ?" ಹೂವಿನಕ್ಕ ಕೇಳಿದ ಪ್ರಶ್ನೆ ಇದು. ಅಂದು ಅವರಿಗೆ ಬಿಡಿಸಿ ಹೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ನಾವು ಈಗ ಉತ್ತರ ಹುಡುಕೋಣ.

ಲಿವರ್ ಏನು ಮಾಡುತ್ತದೆ?

ಬಲಗಡೆ ಪಕ್ಕೆಲುಬಿನ ಕೆಳಗೆ ಕೈ ಇಡಿ. ಅದರ ಒಳಗೆ ಲಿವರ್ ಇದೆ. ಪುಸ್ತಕದಲ್ಲಿ ಇದನ್ನು ಯಕೃತ್ತು, ಪಿತ್ತಜನಕಾಂಗ ಅಂತ ಬರೆಯುತ್ತಾರೆ. ನಾವು ಲಿವರ್ ಅಂತಲೇ ಓದೋಣ. ದೊಡ್ಡವರ ಲಿವರ್ ಸುಮಾರು ಒಂದೂವರೆ ಕಿಲೋ ತೂಗುತ್ತದೆ.

ಇದು ಮನೆಯ ಯಜಮಾನಿಯ ಹಾಗೆ. ಕೆಲಸ ಒಂದಲ್ಲ. ತಿಂದ ಅನ್ನದ ಸಾರ ಮೊದಲು ಇಲ್ಲಿಗೆ ಬರುತ್ತದೆ. ಲಿವರ್ ಅದನ್ನು ಅಳೆದು, ಬೇಕಾದಷ್ಟು ಕೂಡಿಟ್ಟು, ಉಳಿದದ್ದನ್ನು ಮೈಗೆ ಹಂಚುತ್ತದೆ. ಕರುಳಿನಿಂದ ಬರುವ ಕಸ, ವಿಷ ಎಲ್ಲವನ್ನೂ ಸೋಸುತ್ತದೆ. ಗಾಯ ಆದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಸತ್ವ ಇಲ್ಲೇ ತಯಾರಾಗುತ್ತದೆ. ಇನ್ನೊಂದು ಕೆಲಸ ಇದೆ. ಅದು ಈ ಪಾಠಕ್ಕೆ ಮುಖ್ಯ. ರೋಗಾಣುಗಳನ್ನು ಹಿಡಿದು ಕೊಲ್ಲುವ ಕಾವಲು ಕೆಲಸ.

ರೋಗಾಣು ಅಂದರೆ ಕಣ್ಣಿಗೆ ಕಾಣದ ಸಣ್ಣ ಜೀವಿ. ಕರುಳಿನಲ್ಲಿ, ಬಾಯಲ್ಲಿ, ಚರ್ಮದ ಮೇಲೆ ಎಲ್ಲ ಕಡೆ ಇರುತ್ತದೆ. ಕರುಳಿನಿಂದ ರಕ್ತದ ಜೊತೆ ನುಸುಳಿ ಬಂದ ರೋಗಾಣುವನ್ನು ಲಿವರ್ ಬಾಗಿಲಲ್ಲೇ ಹಿಡಿಯುತ್ತದೆ.

ವರ್ಷಗಟ್ಟಲೆ ಪೆಟ್ಟು ಬಿದ್ದರೆ ಲಿವರ್ ಒಳಗೆ ಗಾಯದ ಕಲೆ ಕಟ್ಟುತ್ತದೆ. ಸುಟ್ಟ ಗಾಯ ಮಾಗಿದ ಮೇಲೆ ಚರ್ಮ ಗಟ್ಟಿಯಾಗುತ್ತದಲ್ಲ, ಹಾಗೆ. ಮೆತ್ತಗೆ ನಯವಾಗಿದ್ದ ಲಿವರ್ ಗಂಟು ಗಂಟಾಗುತ್ತದೆ. ಇದೇ ಸಿರೋಸಿಸ್. ಗಟ್ಟಿಯಾದ ಲಿವರಿನ ಒಳಗೆ ರಕ್ತ ಸಲೀಸಾಗಿ ಹರಿಯುವುದಿಲ್ಲ. ಕಾಲುವೆಗೆ ಕಲ್ಲು ಅಡ್ಡ ಬಿದ್ದರೆ ನೀರು ಪಕ್ಕದ ಗದ್ದೆಗೆ ನುಗ್ಗುತ್ತದೆ. ರಕ್ತವೂ ಹಾಗೇ ಪಕ್ಕದ ನರಗಳಿಗೆ ನುಗ್ಗುತ್ತದೆ. ಆ ನರಗಳು ಉಬ್ಬುತ್ತವೆ, ಒಡೆಯುತ್ತವೆ. ರಕ್ತ ವಾಂತಿ ಬರುವುದು ಇದರಿಂದ. ಹೊಟ್ಟೆಯಲ್ಲಿ ನೀರು ತುಂಬುವುದಕ್ಕೂ ಈ ಒತ್ತಡವೇ ದೊಡ್ಡ ಕಾರಣ.

ಪಕ್ಕದ ದಾರಿ ಹಿಡಿದ ರಕ್ತ ಲಿವರಿನಲ್ಲಿ ಸೋಸಿಕೊಳ್ಳುವುದಿಲ್ಲ. ಅದರಲ್ಲಿರುವ ಕಸ ಮೆದುಳಿಗೆ ಹೋಗುತ್ತದೆ. ಆಗ ಮಂಕು ಕವಿಯುತ್ತದೆ. ಹಗಲು ನಿದ್ದೆ, ರಾತ್ರಿ ಎಚ್ಚರ. ಕೈ ನಡುಗುತ್ತದೆ. ಮಗನ ಹೆಸರು ಮರೆತುಹೋಗುತ್ತದೆ. "ಗಾಳಿ ಸೋಕಿದೆ" ಅಂತ ಕೆಲವರು ಮಂತ್ರ ಹಾಕಿಸುತ್ತಾರೆ. ಇದು ಗಾಳಿ ಅಲ್ಲ, ಲಿವರಿನ ಕಾಯಿಲೆ. ಮಂತ್ರ ಹಾಕಿಸುವ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಬೇಕು.

ಕುಡಿಯುವವರಿಗೆ ಮಾತ್ರ ಈ ಕಾಯಿಲೆ ಬರುತ್ತದೆ ಅಂದುಕೊಳ್ಳಬೇಡಿ. ಒಂದು ತೊಟ್ಟೂ ಕುಡಿಯದ ಹೆಂಗಸರಿಗೂ ಬರುತ್ತದೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಎಂಬ ವೈರಸ್ಸಿನಿಂದ ಬರುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು ಇದ್ದವರ ಲಿವರಿನಲ್ಲಿ ಕೊಬ್ಬು ಸೇರಿಯೂ ಬರುತ್ತದೆ. ಹೊಟ್ಟೆ ಊದಿದ ಹೆಂಗಸನ್ನು "ಕದ್ದು ಕುಡೀತಾಳೆ" ಅಂತ ಆಡಿಕೊಂಡಿದ್ದನ್ನು ನಾವು ಕೇಳಿದ್ದೇವೆ. ಅದು ಅನ್ಯಾಯದ ಮಾತು.

ಎದೆಗೆ ಯಾಕೆ ಹತ್ತುತ್ತದೆ?

ಗಂಟಲಿನಲ್ಲಿ ಎರಡು ದಾರಿ ಇದೆ. ಒಂದು ಅನ್ನದ ದಾರಿ, ಒಂದು ಗಾಳಿಯ ದಾರಿ. ನುಂಗುವಾಗ ಗಾಳಿಯ ದಾರಿಗೆ ಒಂದು ಮುಚ್ಚಳ ಬೀಳುತ್ತದೆ. ತಪ್ಪಿ ಒಂದು ಅಗುಳು ಆ ಕಡೆ ಹೋದರೆ ಜೋರಾಗಿ ಕೆಮ್ಮು ಬರುತ್ತದೆ. ನೆತ್ತಿಗೆ ಹತ್ತಿತು ಅನ್ನುತ್ತೇವಲ್ಲ, ಅದೇ ಇದು. ಕೆಮ್ಮು ನಮ್ಮ ಶತ್ರು ಅಲ್ಲ, ಕಾವಲುಗಾರ.

ಮಂಪರಿನಲ್ಲಿ ಇರುವವರ ಮುಚ್ಚಳ ಸರಿಯಾಗಿ ಬೀಳುವುದಿಲ್ಲ. ಕೆಮ್ಮೂ ಜೋರಾಗಿ ಬರುವುದಿಲ್ಲ. ಗಂಜಿ, ವಾಂತಿ, ಬಾಯಿಯ ಜೊಲ್ಲು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದರ ಜೊತೆ ಬಾಯಿಯ ರೋಗಾಣುವೂ ಇಳಿಯುತ್ತದೆ. ಅಲ್ಲಿ ಕೀವು, ಕಫ ಕಟ್ಟುತ್ತದೆ. ಇದೇ ನ್ಯುಮೋನಿಯಾ.

ಹೊಟ್ಟೆಯಲ್ಲಿ ಅರ್ಧ ಬಿಂದಿಗೆ ನೀರು ತುಂಬಿದೆ ಅಂತ ಇಟ್ಟುಕೊಳ್ಳಿ. ಮಲಗಿದಾಗ ಆ ನೀರು ಎದೆಯ ಕಡೆ ಒತ್ತುತ್ತದೆ. ಶ್ವಾಸಕೋಶದ ಕೆಳಭಾಗ ಪೂರ್ತಿ ಅರಳುವುದಿಲ್ಲ. ಅರಳದ ಜಾಗದಲ್ಲಿ ಕಫ ನಿಲ್ಲುತ್ತದೆ. ನಿಂತ ನೀರಿನಲ್ಲಿ ಸೊಳ್ಳೆ ಬೆಳೆದ ಹಾಗೆ ಅಲ್ಲಿ ರೋಗಾಣು ಬೆಳೆಯುತ್ತದೆ. ಪಥ್ಯ ಅಂತ ಉಪವಾಸ ಕೆಡವಿದ ಮೈಗೆ ಹೋರಾಡುವ ಶಕ್ತಿಯೂ ಇಲ್ಲ.

ಇನ್ನು ಆಸ್ಪತ್ರೆಯ ಮಾತು. ಆಸ್ಪತ್ರೆಗೆ ಸೇರಿ 48 ಗಂಟೆ ಕಳೆದ ಮೇಲೆ ಶುರುವಾದ ನ್ಯುಮೋನಿಯಾವನ್ನು ಆಸ್ಪತ್ರೆಯಲ್ಲಿ ಹತ್ತಿದ ಸೋಂಕು ಅನ್ನುತ್ತಾರೆ. ನೂರಾರು ರೋಗಿಗಳು ಬಂದು ಹೋಗುವ ಜಾಗ ಅದು. ಅಲ್ಲಿ ಬಗೆಬಗೆಯ ಔಷಧಿ ಬಳಸುತ್ತಾರೆ. ಆ ಔಷಧಿಗೂ ಸಾಯದೆ ಉಳಿದ ರೋಗಾಣುಗಳು ಅಲ್ಲಿ ಇರುತ್ತವೆ. ಪಳಗಿದ ಕಳ್ಳರಿದ್ದ ಹಾಗೆ. ಊರಿನ ನ್ಯುಮೋನಿಯಾಕ್ಕೆ ಕೇಳುವ ಔಷಧಿ ಇದಕ್ಕೆ ಕೇಳದೇ ಹೋಗಬಹುದು. ಮಂಚದ ಸರಳು, ಬಾಗಿಲ ಹಿಡಿ, ಸಲಕರಣೆ, ಎಲ್ಲಕ್ಕಿಂತ ಹೆಚ್ಚಾಗಿ ಮನುಷ್ಯರ ಕೈ ಇವುಗಳನ್ನು ಒಬ್ಬರಿಂದ ಒಬ್ಬರಿಗೆ ಸಾಗಿಸುತ್ತದೆ. ಉಸಿರಿಗೆ ಕೊಳವೆ ಹಾಕಿ ವೆಂಟಿಲೇಟರಿನಲ್ಲಿ ಇಟ್ಟವರಿಗೆ ಅಪಾಯ ಇನ್ನೂ ಜಾಸ್ತಿ.

ಹಾಗಂತ ಆಸ್ಪತ್ರೆಗೆ ಹೋಗದೇ ಇರಬಾರದು. ಆ ರಾತ್ರಿ ಆಸ್ಪತ್ರೆಗೆ ಹೋಗದಿದ್ದರೆ ಹೂವಿನಕ್ಕನ ಯಜಮಾನರು ಬೆಳಗಿನ ತನಕ ಉಳಿಯುತ್ತಿರಲಿಲ್ಲ. ಹೋಗಬೇಕು. ಹೋದ ಮೇಲೆ ಎಚ್ಚರದಿಂದ ಇರಬೇಕು.

ಕೈ ತೊಳೆಸಿದ ಡಾಕ್ಟರು

ಇಲ್ಲಿ ಒಂದು ಹಳೇ ಕತೆ ಹೇಳುತ್ತೇವೆ. ಕತೆ ಅಲ್ಲ, ನಿಜವಾಗಿ ನಡೆದದ್ದು.

ದೂರದ ಯೂರೋಪಿನಲ್ಲಿ ವಿಯೆನ್ನಾ ಎಂಬ ಊರು. ಅಲ್ಲಿ ಒಂದು ದೊಡ್ಡ ಆಸ್ಪತ್ರೆ. ಹೆರಿಗೆಗೆ ಎರಡು ವಾರ್ಡು. ಒಂದರಲ್ಲಿ ಡಾಕ್ಟರುಗಳು, ಕಲಿಯುವ ಹುಡುಗರು ಹೆರಿಗೆ ಮಾಡಿಸುತ್ತಿದ್ದರು. ಇನ್ನೊಂದರಲ್ಲಿ ಸೂಲಗಿತ್ತಿಯರು. ಡಾಕ್ಟರ ವಾರ್ಡಿನಲ್ಲಿ ಬಾಣಂತಿಯರು ಜ್ವರ ಬಂದು ಹೆಚ್ಚಾಗಿ ಸಾಯುತ್ತಿದ್ದರು. ಸೂಲಗಿತ್ತಿಯರ ವಾರ್ಡಿನಲ್ಲಿ ಸಾವು ಬಹಳ ಕಮ್ಮಿ. ಇದು ಊರಿನ ಹೆಂಗಸರಿಗೂ ಗೊತ್ತಿತ್ತು. "ನನ್ನನ್ನು ಆ ವಾರ್ಡಿಗೆ ಹಾಕಬೇಡಿ" ಅಂತ ಬೇಡಿಕೊಳ್ಳುತ್ತಿದ್ದರು.

ಸೆಮ್ಮೆಲ್‌ವೈಸ್ ಎಂಬ ಡಾಕ್ಟರು ಕಾರಣ ಹುಡುಕಿದರು. ಡಾಕ್ಟರುಗಳು ಹೆಣ ಕುಯ್ದು ಪಾಠ ಕಲಿತು, ಅದೇ ಕೈಯಲ್ಲಿ ಹೆರಿಗೆಗೆ ಬರುತ್ತಿದ್ದರು. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ. 1847ರಲ್ಲಿ ಅವರು ಒಂದು ಕಟ್ಟುನಿಟ್ಟು ಮಾಡಿದರು. ಎಲ್ಲರೂ ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕು. ಆ ಏಪ್ರಿಲ್ ತಿಂಗಳಲ್ಲಿ ನೂರು ಬಾಣಂತಿಯರಲ್ಲಿ ಸುಮಾರು 18 ಜನ ಸತ್ತಿದ್ದರು. ಜೂನ್ ತಿಂಗಳಲ್ಲಿ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು. ಹೊಸ ಔಷಧಿ ಏನೂ ಬಂದಿರಲಿಲ್ಲ. ಕೈ ತೊಳೆದರು, ಅಷ್ಟೇ.

ದೊಡ್ಡ ಡಾಕ್ಟರುಗಳಿಗೆ ಇದು ಇಷ್ಟ ಆಗಲಿಲ್ಲ. ನಮ್ಮ ಕೈ ಕೊಳಕಾ ಅಂತ ಕೋಪ. ಈ ಕೋಪ ಇವತ್ತೂ ಪೂರ್ತಿ ಹೋಗಿಲ್ಲ ಅಂತ ನಮಗೆ ಅನ್ನಿಸುತ್ತದೆ. ಡಾಕ್ಟರಿಗೆ, ಸಿಸ್ಟರಿಗೆ "ಕೈ ತೊಳೀರಿ" ಅಂತ ನಾವು ಹೇಳುವುದು ಹೇಗೆ? ಹೂವಿನಕ್ಕ ಒಂದು ದಾರಿ ಕಂಡುಹಿಡಿದರು. ಮುಂದೆ ಓದಿ.

ಎರಡನೇ ಸಲ

ಮೊದಲ ಸಲ ಮನೆಗೆ ಬಂದ ಮೇಲೆ ಯಜಮಾನರು ಕುಡಿತ ಬಿಟ್ಟರು. ಹೂವಿನಕ್ಕ ನಮ್ಮ ಕೇಂದ್ರಕ್ಕೆ ಬರತೊಡಗಿದರು. ಅಕ್ಷರ ಕಲಿತರು. ಅಂಕಿ ಕಲಿತರು. ಹತ್ತು ತಿಂಗಳು ಹಾಗೇ ನಡೆಯಿತು.

ಡಾಕ್ಟರು ಒಂದು ಸಿರಪ್ ಬರೆದುಕೊಟ್ಟಿದ್ದರು. ದಿನಕ್ಕೆ ಎರಡು ಮೂರು ಸಲ ಹೊಟ್ಟೆ ಸಡಿಲ ಆಗಲಿ ಅಂತಲೇ ಕೊಡುವ ಸಿರಪ್ ಅದು. ಕರುಳಿನ ಕಸ ಹೊರಗೆ ಹೋದರೆ ಮೆದುಳಿಗೆ ಮಂಕು ಕವಿಯುವುದಿಲ್ಲ. ಒಂದು ಸಲ ಅತ್ತೆ "ಭೇದಿ ಆಗ್ತಾ ಇದೆ, ಇದ್ಯಾವ ಔಷಧಿ" ಅಂತ ನಿಲ್ಲಿಸಿಬಿಟ್ಟರು. ನಾಲ್ಕು ದಿನ ಮಲಬದ್ಧತೆ. ಐದನೇ ದಿನ ಯಜಮಾನರು ಚಪ್ಪಲಿಯನ್ನು ತಲೆದಿಂಬಿನ ಕೆಳಗೆ ಇಟ್ಟು ಮಲಗಿದರು. ಹೂವಿನಕ್ಕನಿಗೆ ಗೊತ್ತಾಯಿತು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಈ ಸಲ ಅವರು ಮೊದಲು ನೋಡಿದ್ದು ಮಂಚ. ಮಂಚದ ಕಾಲ ಕಡೆ ಒಂದು ಹಿಡಿ ಇತ್ತು. ಅದನ್ನು ತಿರುಗಿಸಿದರೆ ತಲೆ ಕಡೆ ಮೇಲೇಳುತ್ತದೆ. ಸಿಸ್ಟರನ್ನು ಕೇಳಿ ಎತ್ತಿಸಿದರು. ಎಷ್ಟು ಎತ್ತಬೇಕು? ಪೂರ್ತಿ ಮಲಗಿದ ಹಾಗೂ ಅಲ್ಲ, ಪೂರ್ತಿ ಕೂತ ಹಾಗೂ ಅಲ್ಲ. ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ. ಹಿಡಿ ಇಲ್ಲದ ಮಂಚವಾದರೆ ಕಂಬಳಿ ಮಡಿಸಿ ಬೆನ್ನಿನ ಕೆಳಗೂ ಇಡಬೇಕು. ಕತ್ತಿಗೆ ಮಾತ್ರ ದಿಂಬು ಕೊಟ್ಟರೆ ಕತ್ತು ಮುರಿದ ಹಾಗೆ ಆಗಿ ಉಸಿರಿಗೆ ಕಷ್ಟ. ಕೆಲವು ಸಲ ರಕ್ತದ ಒತ್ತಡ ಕಮ್ಮಿ ಇದ್ದರೆ ಡಾಕ್ಟರು ತಲೆ ಎತ್ತಬೇಡಿ ಅನ್ನಬಹುದು. ಅದಕ್ಕೇ ಕೇಳಿ ಮಾಡಬೇಕು.

ಆಮೇಲೆ ಬಾಯಿ. ಯಜಮಾನರಿಗೆ ಎಲೆ ಅಡಿಕೆ ಚಟ ಇತ್ತು. ಅಡಿಕೆ ಚೂರು ದವಡೆಯಲ್ಲೇ ಇರುತ್ತಿತ್ತು. ಹೂವಿನಕ್ಕ ದಿನಕ್ಕೆ ಎರಡು ಸಲ ಹಲ್ಲು ಉಜ್ಜಿಸಿದರು. ಮೆತ್ತನೆ ಬ್ರಷ್ಷು. ಮಂಪರು ಇದ್ದಾಗ ನೀರು ಹಾಕಿ ಮುಕ್ಕಳಿಸುವ ಹಾಗಿಲ್ಲ. ಆಗ ಒದ್ದೆ ಬಟ್ಟೆ ಬೆರಳಿಗೆ ಸುತ್ತಿ ಒರೆಸಿದರು. ಬಾಯಿ ಚೊಕ್ಕಟ ಇದ್ದರೆ ಎದೆಗೆ ಇಳಿಯುವ ರೋಗಾಣುವೂ ಕಮ್ಮಿ.

ಊಟದ ವಿಷಯದಲ್ಲಿ ಅವರು ಬಹಳ ಗಟ್ಟಿ ಆದರು. ಮೊದಲು ಯಜಮಾನರ ಹೆಸರು ಕೇಳುತ್ತಿದ್ದರು. ಊರು ಯಾವುದು, ಈಗ ಬೆಳಿಗ್ಗೆಯೋ ಸಂಜೆಯೋ ಕೇಳುತ್ತಿದ್ದರು. ಸರಿಯಾಗಿ ಹೇಳಿದರೆ ಮಾತ್ರ ನೇರ ಕೂರಿಸಿ ತುತ್ತು. ತೊದಲಿದರೆ ಬಾಯಿಗೆ ಏನೂ ಇಲ್ಲ. ಸಿಸ್ಟರಿಗೆ ಹೇಳುತ್ತಿದ್ದರು. ಅಂಥ ರೋಗಿಗೆ ಡಾಕ್ಟರು ಬೇಕಾದರೆ ಮೂಗಿನಿಂದ ಕೊಳವೆ ಹಾಕಿ ಆಹಾರ ಕೊಡುತ್ತಾರೆ. ಊಟ ಆದ ಮೇಲೂ ಅರ್ಧ ಗಂಟೆ ಕೂರಿಸಬೇಕು, ಕೂಡಲೇ ಮಲಗಿಸಬಾರದು.

ಎಚ್ಚರ ಬಂದ ಮೇಲೆ ಉಪವಾಸ ಬೇಡ. ಸಿರೋಸಿಸ್ ಇದ್ದವರಿಗೆ ಬೇಳೆ, ಹೆಸರುಕಾಳು, ಮೊಸರು, ಮೊಟ್ಟೆ ಬೇಕು. ರಾತ್ರಿ ಮಲಗುವ ಮುಂಚೆ ಏನಾದರೂ ಸ್ವಲ್ಪ ತಿನ್ನಬೇಕು. ರಾತ್ರಿಯೆಲ್ಲ ಹೊಟ್ಟೆ ಖಾಲಿ ಇದ್ದರೆ ಮೈಯ ಮಾಂಸವೇ ಕರಗುತ್ತದೆ. ಹೊಟ್ಟೆಯಲ್ಲಿ ನೀರು ಇದ್ದರೆ ಉಪ್ಪು ಕಮ್ಮಿ ಮಾಡಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬೇಡ.

ಕೈ ತೊಳೆಯುವ ವಿಷಯಕ್ಕೆ ಬರೋಣ. ಆ ವಾರ್ಡಿನ ನಲ್ಲಿ ಹತ್ತಿರ ಸೋಪು ಇರಲಿಲ್ಲ. ಇರಬೇಕಾಗಿತ್ತು. ನಾವು ಕೇಳಬೇಕು, ಅರ್ಜಿ ಕೊಡಬೇಕು. ಅದು ಬೇರೆ ಮಾತು. ಹೂವಿನಕ್ಕ ಡಬ್ಬಿಯಲ್ಲಿ ಒಂದು ಸೋಪು ಇಟ್ಟುಕೊಂಡರು. ತಾವು ರೋಗಿಯನ್ನು ಮುಟ್ಟುವ ಮುಂಚೆ, ಮುಟ್ಟಿದ ಮೇಲೆ ತೊಳೆಯುತ್ತಿದ್ದರು. ಬೆರಳ ಸಂದಿ, ಉಗುರು, ಮುಂಗೈ ಎಲ್ಲ ಉಜ್ಜಬೇಕು. ನಿಧಾನಕ್ಕೆ ಇಪ್ಪತ್ತು ಎಣಿಸುವ ತನಕ ಉಜ್ಜಬೇಕು. ಸಿಸ್ಟರು ಬಂದರೆ ಡಬ್ಬಿ ಮುಂದೆ ಹಿಡಿದು "ಸಿಸ್ಟರಮ್ಮ, ಕೈಗೆ ಸೋಪು ಕೊಡ್ಲಾ?" ಅಂತ ಕೇಳುತ್ತಿದ್ದರು. ಮೊದಲ ದಿನ ಒಬ್ಬ ಸಿಸ್ಟರು ದುರುಗುಟ್ಟಿ ನೋಡಿದರಂತೆ. ಮೂರನೇ ದಿನ ಅವರೇ "ಎಲ್ಲಮ್ಮ ನಿನ್ನ ಸೋಪು?" ಅಂದರಂತೆ.

ಕಷ್ಟ ಆದದ್ದು ನೆಂಟರ ವಿಷಯದಲ್ಲಿ. ನಮ್ಮ ಕಡೆ ಆಸ್ಪತ್ರೆಗೆ ನೋಡಲು ಹೋಗದಿದ್ದರೆ ಬೇಜಾರು. ಒಂದು ಟೆಂಪೋ ತುಂಬ ಜನ ಬಂದರು. ಒಬ್ಬೊಬ್ಬರೂ ಕೈ ಹಿಡಿದು ಅಳುವವರೇ. ಇಬ್ಬರಿಗೆ ನೆಗಡಿ. ಹೂವಿನಕ್ಕ ಬಾಗಿಲಲ್ಲಿ ನಿಂತು "ನೆಗಡಿ ಕೆಮ್ಮು ಇರೋರು ಒಳಗೆ ಬರಬೇಡಿ. ಉಳಿದೋರು ಒಬ್ಬೊಬ್ಬರಾಗಿ ಬನ್ನಿ" ಅಂದರು. ಅತ್ತೆಗೆ ಸಿಟ್ಟು ಬಂತು. "ಎರಡಕ್ಷರ ಕಲ್ತಿದ್ದೇ ತಡ, ಡಾಕ್ಟರಾಗಿಬಿಟ್ಟಳು" ಅಂದರು. ಅನ್ನಿಸಿಕೊಂಡರೂ ಹೂವಿನಕ್ಕ ಜಾಗ ಬಿಡಲಿಲ್ಲ.

ಯಜಮಾನರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿದರು. ಎಚ್ಚರ ಬಂದ ಕೂಡಲೇ ಎಬ್ಬಿಸಿ ಕೂರಿಸಿದರು. ದೀರ್ಘವಾಗಿ ಉಸಿರು ಎಳೆಸಿ ಬಿಡಿಸಿದರು. ಡಾಕ್ಟರು ಒಪ್ಪಿದ ಮೇಲೆ ವಾರ್ಡಿನ ಉದ್ದಕ್ಕೆ ನಡೆಸಿದರು.

ಉಸಿರು ಎಣಿಸುವುದು

ಇದನ್ನು ಎಲ್ಲರೂ ಕಲಿಯಲೇಬೇಕು. ಸಿರೋಸಿಸ್ ಇದ್ದವರಿಗೆ ಸೋಂಕು ಹತ್ತಿದರೂ ಜ್ವರ ಬಾರದೇ ಇರಬಹುದು. ಮೈ ಮುಟ್ಟಿ ನೋಡಿ ಸುಮ್ಮನಾಗಬೇಡಿ. ಉಸಿರು ಎಣಿಸಿ.

ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ನೋಡಿ. ಅದು ಒಂದು ಸುತ್ತು ಬರುವುದರೊಳಗೆ ಎದೆ ಎಷ್ಟು ಸಲ ಮೇಲೆದ್ದಿತು ಎಣಿಸಿ. ಆರಾಮಾಗಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದಕ್ಕಿಂತ ಹೆಚ್ಚಾಗುತ್ತಾ ಹೋದರೆ ಸಿಸ್ಟರಿಗೆ ಹೇಳಿ. 25 ದಾಟಿದರೆ ಓಡಿ ಹೋಗಿ ಹೇಳಿ. ಮಂಪರು ಹೆಚ್ಚಾದರೆ, ಮೂತ್ರ ಕಮ್ಮಿಯಾದರೆ, ಕಫದ ಬಣ್ಣ ಹಸಿರು ಹಳದಿ ಆದರೆ, ತುಟಿ ನೀಲಿ ಆದರೆ ಆಗಲೂ ಹೇಳಿ. ಈ ಸೋಂಕು ಎದೆಯಲ್ಲೇ ನಿಲ್ಲುವುದಿಲ್ಲ. ಮೂತ್ರಪಿಂಡ ಕೆಡಬಹುದು. ಔಷಧಿ ಬೇಗ ಶುರುವಾದಷ್ಟೂ ಜೀವ ಉಳಿಯುವ ದಾರಿ ದೊಡ್ಡದು.

ಡಾಕ್ಟರಿಗೆ ಮುಚ್ಚಿಡಬಾರದ ಮಾತು ಕೆಲವು ಇವೆ. ಎಷ್ಟು ಕುಡಿಯುತ್ತಿದ್ದರು, ಕೊನೇ ಸಲ ಯಾವಾಗ ಕುಡಿದರು ಅಂತ ನಿಜ ಹೇಳಿ. ದಿನಾ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ನಡುಕ, ಫಿಟ್ಸ್, ಭ್ರಮೆ ಬರಬಹುದು. ಅದಕ್ಕೂ ಔಷಧಿ ಇದೆ. ಮರ್ಯಾದೆಗೆ ಅಂಜಿ "ಕುಡಿಯೋದಿಲ್ಲ ಸಾರ್" ಅಂದರೆ ನಷ್ಟ ನಮಗೇ. ನಾಟಿ ಔಷಧಿ ಕೊಟ್ಟಿದ್ದರೆ ಅದನ್ನೂ ಹೇಳಿ. ನಿದ್ದೆ ಮಾತ್ರೆ, ಮೈ ಕೈ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ಕೊಡಬೇಡಿ. ನಿದ್ದೆ ಮಾತ್ರೆ ಮಂಪರು ಹೆಚ್ಚಿಸುತ್ತದೆ. ಬ್ರೂಫೆನ್‌ನಂಥ ನೋವಿನ ಮಾತ್ರೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ, ರಕ್ತ ಸೋರಿಸುತ್ತದೆ.

ಗ್ಯಾಸ್ ಮಾತ್ರೆಯ ವಿಷಯವೂ ಕೇಳಿ. ಹೊಟ್ಟೆಯ ಹುಳಿ ರಸ ರೋಗಾಣುಗಳನ್ನು ಕೊಲ್ಲುತ್ತದೆ. ಗ್ಯಾಸ್ ಮಾತ್ರೆ ಆ ಹುಳಿಯನ್ನು ಕಮ್ಮಿ ಮಾಡುತ್ತದೆ. ರಬ್ಬರ್ ಉಂಗುರ ಹಾಕಿದ ಮೇಲೆ ಕೆಲವು ದಿನ ಅದು ಬೇಕಾಗುತ್ತದೆ. ಬೇಕಿಲ್ಲದಿದ್ದರೂ ತಿಂಗಳುಗಟ್ಟಲೆ ನುಂಗಿದರೆ ಸೋಂಕಿಗೆ ದಾರಿ. ನೀವಾಗಿ ನಿಲ್ಲಿಸಬೇಡಿ. "ಇದು ಎಷ್ಟು ದಿನ ಸಾರ್?" ಅಂತ ಒಂದು ಮಾತು ಕೇಳಿ. ಆಂಟಿಬಯಾಟಿಕ್ ಕೊಟ್ಟರೆ ಹೇಳಿದಷ್ಟು ದಿನ ಪೂರ್ತಿ ಕೊಡಿ. ಉಳಿದ ಮಾತ್ರೆ ಪಕ್ಕದ ಮನೆಯವರ ನೆಗಡಿಗೆ ಕೊಡಬೇಡಿ. ಪಳಗಿದ ಕಳ್ಳರು ತಯಾರಾಗುವುದು ಹೀಗೇ.

ಬಾರದ ಹಾಗೆ ನೋಡಿಕೊಳ್ಳುವುದು

ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಬೇಕು. ಆಮೇಲೆ ಆರು, ಹತ್ತು, ಹದಿನಾಲ್ಕನೇ ವಾರದ ಚುಚ್ಚುಮದ್ದಿನಲ್ಲೂ ಅದು ಸೇರಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಬಿ ಮತ್ತು ಸಿ ವೈರಸ್ಸಿನ ಪರೀಕ್ಷೆ, ಔಷಧಿ ಉಚಿತವಾಗಿ ಕೊಡುವ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2018ರ ಜುಲೈ 28ರಂದು ಶುರು ಮಾಡಿತು. ಸಿ ವೈರಸ್ಸನ್ನು ಮೂರು ತಿಂಗಳು, ಕೆಲವರಿಗೆ ಆರು ತಿಂಗಳು ಮಾತ್ರೆ ಕೊಟ್ಟು ಗುಣ ಮಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಒಟ್ಟಿಗೆ ಕೂತು ಉಂಡರೆ ಬಿ, ಸಿ ವೈರಸ್ ಹತ್ತುವುದಿಲ್ಲ. ರಕ್ತದಿಂದ, ಒಬ್ಬರಿಗೆ ಚುಚ್ಚಿದ ಸೂಜಿಯಿಂದ, ಒಂದೇ ಬ್ಲೇಡಿನಿಂದ ಹತ್ತುತ್ತದೆ. ಬಿ ವೈರಸ್ ಗಂಡ ಹೆಂಡಿರ ಸಂಬಂಧದಿಂದಲೂ, ತಾಯಿಯಿಂದ ಮಗುವಿಗೂ ಬರುತ್ತದೆ.

ಸಿರೋಸಿಸ್ ಬಂದವರಿಗೆ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಒಳ್ಳೆಯದು. ದೊಡ್ಡವರಿಗೆ ಇದಕ್ಕೆ ದುಡ್ಡು ಕೊಡಬೇಕಾಗಬಹುದು. ಡಾಕ್ಟರನ್ನು ಕೇಳಿ ನೋಡಿ.

ಕುಡಿತದ ಬಗ್ಗೆ ಉದ್ದ ಬರೆಯುವುದಿಲ್ಲ. ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಒಂದೇ ಸಂಗತಿ ಹೇಳುತ್ತೇವೆ. 1990ರ ನಂತರದ ವರ್ಷಗಳಲ್ಲಿ ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ನಿಮ್ಮ ಹಾಗೇ ಸಾಕ್ಷರತೆಯ ಪಾಠ ಓದುತ್ತಿದ್ದರು. ಸಾರಾಯಿ ವಿಷಯದ ಪಾಠ ಬಂತು. ಓದಿದರು, ಮಾತಾಡಿಕೊಂಡರು, ಎದ್ದು ಹೋಗಿ ಊರಿನ ಸಾರಾಯಿ ಮಾರಾಟ ನಿಲ್ಲಿಸಿದರು. ಅದು ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. 1993ರ ಅಕ್ಟೋಬರ್ 1ರಿಂದ ಅಲ್ಲಿನ ಸರ್ಕಾರ ಸಾರಾಯಿ ನಿಷೇಧ ಮಾಡಬೇಕಾಯಿತು. ಸಿರೋಸಿಸ್ ಆದ ಮೇಲೆ ಕುಡಿತ ಬಿಟ್ಟರೆ ಏನು ಪ್ರಯೋಜನ ಅಂತ ಕೇಳುತ್ತಾರೆ. ಪ್ರಯೋಜನ ಇದೆ. ಕಲೆ ಕಟ್ಟಿದ ಭಾಗ ಪೂರ್ತಿ ಮೊದಲಿನಂತೆ ಆಗುವುದಿಲ್ಲ. ಉಳಿದ ಭಾಗ ಚೇತರಿಸಿಕೊಳ್ಳುತ್ತದೆ.

ಮಂಚದ ಮೇಲಿನ ಚೀಟಿ

ಎರಡನೇ ಸಲ ಆಸ್ಪತ್ರೆಯಲ್ಲಿ ನಾಲ್ಕನೇ ದಿನ. ಎದುರು ಮಂಚಕ್ಕೆ ಹೊಸ ರೋಗಿ ಬಂದರು. ಅವರಿಗೂ ಮಂಪರು. ಅವರ ಮಂಚದ ತಲೆ ಕಡೆ ಒಂದು ರಟ್ಟಿನ ಚೀಟಿ ಕಟ್ಟಿದ್ದರು. ಕೆಂಪು ಅಕ್ಷರ. ಹೂವಿನಕ್ಕ ಕೂತಲ್ಲಿಂದಲೇ ಅಕ್ಷರ ಕೂಡಿಸಿ ಓದಿದರು.

ಬಾ ಯಿ ಗೆ ಏ ನೂ ಕೊ ಡ ಬೇ ಡಿ.

ಆ ಚೀಟಿ ಅವರಿಗೆ ಗುರುತು ಇತ್ತು. ಅದೇ ರಟ್ಟು, ಅದೇ ಕೆಂಪು. ಹತ್ತು ತಿಂಗಳ ಹಿಂದೆ ಅವರ ಯಜಮಾನರ ಮಂಚಕ್ಕೂ ಕಟ್ಟಿತ್ತು. ಮಂಚದ ನಂಬರು ಅಂದುಕೊಂಡಿದ್ದರು. ಬಾಯಲ್ಲೂ ಯಾರೋ ಹೇಳಿದ್ದರಂತೆ, ಮೈದುನನ ಹತ್ತಿರ. ಮೈದುನ ಔಷಧಿ ತರಲು ಹೋದವನು ಇವರಿಗೆ ಹೇಳುವುದನ್ನು ಮರೆತಿದ್ದ. ನಾದಿನಿ ಗಂಜಿ ತಂದಾಗ ಆ ಚೀಟಿ ಅವರ ತಲೆಯ ಮೇಲೇ ತೂಗುತ್ತಿತ್ತು.

"ಕೈ ಕಾಲು ಆಡಲಿಲ್ಲ ಟೀಚರಮ್ಮ. ಅಲ್ಲೇ ಕೂತುಬಿಟ್ಟೆ" ಅಂದರು ನಮಗೆ ಹೇಳುವಾಗ. "ನಾನೇ ಗಂಜಿ ಕುಡಿಸಿ ಕಾಯಿಲೆ ತಂದೆನಾ?" ಅಂತ ಕೇಳಿದರು.

ನಾವು ಏನು ಹೇಳುವುದು? ಮಂಪರು ಇದ್ದವರಿಗೆ ಜೊಲ್ಲು ಇಳಿದೂ ನ್ಯುಮೋನಿಯಾ ಆಗುತ್ತದೆ. ಗಂಜಿಯಿಂದಲೇ ಬಂತು ಅಂತ ಯಾರೂ ಆಣೆ ಮಾಡಿ ಹೇಳಲಾರರು. ಓದಲು ಬಾರದವರ ತಲೆಯ ಮೇಲೆ ಚೀಟಿ ಕಟ್ಟಿ ಹೋದದ್ದು ಅವರ ತಪ್ಪಲ್ಲ. ಇಷ್ಟನ್ನೇ ಹೇಳಿದೆವು. ಅವರಿಗೆ ಸಮಾಧಾನ ಆಯಿತೋ ಇಲ್ಲವೋ ಗೊತ್ತಿಲ್ಲ.

ಅವತ್ತು ಅವರು ಹೆಚ್ಚು ಹೊತ್ತು ಕೂರಲಿಲ್ಲವಂತೆ. ಎದುರು ಮಂಚದ ಹೆಂಗಸು ಫ್ಲಾಸ್ಕಿನಿಂದ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದಳು. ಹೂವಿನಕ್ಕ ಎದ್ದು ಹೋಗಿ ಲೋಟ ಹಿಡಿದರು. "ತಾಳು ತಾಯಿ. ಇಲ್ಲಿ ಏನು ಬರೆದಿದೆ ಓದ್ತೀನಿ ಕೇಳು" ಅಂದರು.

ಆರನೇ ದಿನ ಯಜಮಾನರನ್ನು ಮನೆಗೆ ಕಳಿಸಿದರು. ಎದೆ ಚೊಕ್ಕಟ ಇತ್ತು. ಲಿವರ್ ಗುಣ ಆಗಿಲ್ಲ. ತಿಂಗಳಿಗೊಮ್ಮೆ ತೋರಿಸಬೇಕು. ಈಗ ಸಂಜೆ ಹೊತ್ತು ಹೂವಿನ ಬುಟ್ಟಿ ಹಿಡಿದು ಬಸ್ ಸ್ಟ್ಯಾಂಡಿನ ತನಕ ಬರುತ್ತಾರೆ.

ಅಭ್ಯಾಸ

ಬಿಡಿಸಿ ಓದಿ: ನ್ಯು-ಮೋ-ನಿ-ಯಾ. ಸಿ-ರೋ-ಸಿಸ್. ಶ್ವಾ-ಸ-ಕೋ-ಶ. ರೋ-ಗಾ-ಣು. ಮೂ-ತ್ರ-ಪಿಂ-ಡ.

ಲೆಕ್ಕ ಮಾಡಿ: ಒಬ್ಬರು ಅರ್ಧ ನಿಮಿಷದಲ್ಲಿ 14 ಸಲ ಉಸಿರಾಡಿದರು. ಒಂದು ನಿಮಿಷಕ್ಕೆ ಎಷ್ಟಾಯಿತು? ಸಿಸ್ಟರಿಗೆ ಹೇಳಬೇಕೋ ಬೇಡವೋ?

ಜೋಡಿಯಾಗಿ ಕೂತು ಒಬ್ಬರ ಉಸಿರನ್ನು ಇನ್ನೊಬ್ಬರು ಎಣಿಸಿ. ಎಣಿಸುವಾಗ ನಗಬಾರದು, ಲೆಕ್ಕ ತಪ್ಪುತ್ತದೆ.

ಮಾತಾಡಿ: ನೋಡಲು ಬಂದ ನೆಂಟರಿಗೆ ಬೇಜಾರಾಗದ ಹಾಗೆ "ಒಳಗೆ ಬರಬೇಡಿ" ಅಂತ ಹೇಗೆ ಹೇಳುತ್ತೀರಿ?

ಈ ವಾರ ನಿಮ್ಮ ಕಡೆಯ ಆಸ್ಪತ್ರೆಗೆ ಹೋದರೆ ಗೋಡೆ ಮೇಲೆ, ಮಂಚದ ಮೇಲೆ ಏನೇನು ಬರೆದಿದೆ ನೋಡಿ. ಒಂದು ಬೋರ್ಡಿನ ಮಾತನ್ನು ಹಾಗೇ ಚೀಟಿಯಲ್ಲಿ ಬರೆದು ತನ್ನಿ. ಮುಂದಿನ ಪಾಠದ ದಿನ ಅದನ್ನು ಓದೋಣ.